ನಾವೇ ಫೋನ್ ಮಾಡ್ತೀವಿ ಅಂದ್ರು

ಬನ್ನಿ, ಚಾಪೆ ಮೇಲೆ ಒಸಿ ಜರುಗಿ ಕೂತ್ಕೊಳ್ಳಿ. ಗೋಡೆಗೆ ಒರಗಿದ್ರೂ ಪರವಾಗಿಲ್ಲ, ನಿದ್ದೆ ಮಾತ್ರ ಮಾಡಬೇಡಿ. ಒಂದು ಕೆಲಸ ಕೇಳಿ ಬಂದ ಮೇಲೆ ಅದರ ಹಿಂದೆ ಹೆಂಗೆ ಬೀಳಬೇಕು ಅನ್ನೋದು ನಮ್ಮ ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೋರ ಮನೇಲೇ ಇಂಥವು ನಡೀತಾ ಇರ್ತವೆ. ನಗು ಬಂದ ಕಡೆ ನಗಿ, ನಾನೇನೂ ಅಂದ್ಕೊಳ್ಳಲ್ಲ.

ಮೊದಲು ಮನೆ ವಿಷಯ ಹೇಳ್ಬುಡ್ತೀನಿ. ಚನ್ನಪಟ್ಟಣದಲ್ಲಿ ನಾವು ಮೂರು ಹೆಂಗಸರು: ನಾನು, ಸೊಸೆ, ಮೊಮ್ಮಗಳು. ನನ್ನ ಮಗ ಹೋದ ಮೇಲೆ ಸೊಸೆ ರೇಷ್ಮೆನೂಲು ತೆಗೆಯೋ ಕಡೆ ಕೂಲಿಗೆ ಸೇರಿದಳು. ಬಿಸಿನೀರಲ್ಲಿ ಗೂಡು ಬೇಯ್ತಾ ಇರುತ್ತೆ, ಅದರೊಳಗೆ ಬೆರಳಾಡಿಸಿ ಎಳೆ ಹುಡುಕಬೇಕು. ಬೆಳಗಿಂದ ಸಂಜೆವರೆಗೆ ಹಂಗೇ. ಹನ್ನೊಂದು ವರ್ಷಕ್ಕೆ ಅವಳ ಬೆರಳು ಬೆಂದು ಬಿಳುಚಿ, ಗೆರೆಗಳೆಲ್ಲ ಅಳಿಸಿಹೋದವು. ರೇಷನ್ ಅಂಗಡಿ ಮಿಷನ್ನು ಅವಳ ಹೆಬ್ಬೆಟ್ಟು ಹಿಡೀತಿರಲಿಲ್ಲ. ಎದೇಲಿ ಹಬೆ ಕೂತು ಕೆಮ್ಮು ಬೇರೆ. ಮೊಮ್ಮಗಳು ಡಿಗ್ರಿ ಮುಗಿಸಿದ ದಿನ ಅಮ್ಮನ ಕೈ ಹಿಡ್ಕೊಂಡು, "ನಂಗೆ ಕೆಲಸ ಸಿಕ್ಕಿದ ದಿನ ನೀನು ಆ ನೀರಿಂದ ಕೈ ತೆಗೀಬೇಕು" ಅಂದಳು. ನಮಗೆ ಬೇಕಾಗಿದ್ದದ್ದು ಅಷ್ಟೇ.

ಟವಲು

ಹಾರೋಹಳ್ಳಿ ಫ್ಯಾಕ್ಟರಿಯೊಂದರಲ್ಲಿ ಇಂಟರ್ವ್ಯೂ ಮುಗಿಸಿಕೊಂಡು ಹುಡುಗಿ ನಗ್ತಾ ಬಂದಳು. "ಎಲ್ಲಾ ಚೆನ್ನಾಗಾಯ್ತಜ್ಜಿ. ನಾವೇ ಫೋನ್ ಮಾಡ್ತೀವಿ ಅಂದ್ರು."

ಆ ಮಾತು ಕೇಳಿ ನಾನು ಎದ್ದು ಕೂತೆ. "ನನ್ನ ನೋಡಕ್ಕೆ ಬಂದ ಮೂರು ಗಂಡಿನ ಕಡೆಯೋರೂ ಉಪ್ಪಿಟ್ಟು ತಿಂದು, ಊರಿಗೋಗಿ ಹೇಳಿ ಕಳುಸ್ತೀವಿ ಅಂತ್ಲೇ ಎದ್ದೋದ್ರು ಕಣವ್ವ. ಇನ್ನೂ ಕಳುಸ್ತಾನೇ ಅವ್ರೆ."

"ಮತ್ತೆ ತಾತ?"

"ನಿಮ್ ತಾತ ಹೇಳಿ ಕಳುಸ್ನಿಲ್ಲ. ಟವಲು ಮರೆತು ಹೋದ. ಎಂಟು ದಿನಕ್ಕೆ ಟವಲು ಕೇಳ್ಕೊಂಡು ತಾನೇ ಬಂದ."

"ನಿಜವಾಗ್ಲೂ ಮರೆತಿದ್ರಾ?"

"ಆಮ್ಯಾಕೆ ನಲವತ್ತು ವರ್ಷ ಅದನ್ನ ಹೆಗಲಿಂದ ಇಳಿಸಿದ್ದು ನಾನು ಕಾಣೆ. ಮರೆಯೋ ಆಸಾಮಿನಾ ಅವನು?"

ನೆಗಡಿ

ಮಾರನೇ ದಿನ ಅವಳ ಕಾಲೇಜು ಮೇಷ್ಟ್ರು, ಇಂಟರ್ವ್ಯೂ ಮಾಡಿದ ಮೇಡಂಗೆ ಒಂದು ಥ್ಯಾಂಕ್ಸ್ ಮೆಸೇಜ್ ಹಾಕು, ನಿನ್ನ ನೆನಪು ಉಳಿಯುತ್ತೆ ಅಂದರಂತೆ.

"ಏನೂ ಕೊಡದೆ ಇರೋರಿಗೆ ಯಾತರ ಥ್ಯಾಂಕ್ಸು?" ಅಂದೆ. "ಆ ಮೇಡಂ ಹೆಂಗಿದ್ರು ಹೇಳು."

"ಶುರುವಿಂದ ಕೊನೇವರೆಗೂ ಸೀನ್ತಾನೇ ಇದ್ರು."

"ಹಂಗಾರೆ ನೆಗಡಿ ಹೆಂಗೈತೆ ಅಂತ ಕೇಳು. ಮೆಣಸು ಜೀರಿಗೆ ಕಷಾಯ ಕುಡೀರಿ ಅಂತಾನೂ ಬರಿ."

ಹುಡುಗಿ ನಾಚ್ಕೊಂಡು, ಥ್ಯಾಂಕ್ಸು ಮೇಲೆ ಬರೆದು, ನೆಗಡಿ ಕೆಳಗೆ ಬರೆದು ಕಳಿಸಿದಳು. ಸಂಜೆ ಫೋನ್ ನೋಡಿ, "ಓದವ್ರೆ ಅಜ್ಜಿ. ಉತ್ತರ ಇಲ್ಲ" ಅಂತ ಮುಖ ಇಳಿಬಿಟ್ಟಳು.

"ಸೀನ್ತಾ ಇರಬೇಕು ಬುಡು" ಅಂದೆ.

ಛತ್ರಿ

ಎಂಟು ದಿನ ಆಯ್ತು, ಫೋನಿಲ್ಲ. ಸೊಸೆ ದಿನಾ ಸಂಜೆ ಬಂದವಳೇ ಮಗಳ ಮುಖ ನೋಡೋಳು. ಕೆಮ್ಕೊಂಡು ಒಳಗೆ ಹೋಗೋಳು. ನನಗೆ ನೋಡಕ್ಕಾಗಲಿಲ್ಲ. ಒಂಬತ್ತನೇ ದಿನ ಯಾರಿಗೂ ಹೇಳದೆ, ಕಷಾಯದ ಪುಡಿ ಕಟ್ಕೊಂಡು, ಛತ್ರಿ ಹಿಡ್ಕೊಂಡು, ಎರಡು ಬಸ್ಸು ಹತ್ತಿ ಹಾರೋಹಳ್ಳೀಲಿ ಇಳಿದೆ.

ಫ್ಯಾಕ್ಟರಿ ಗೇಟಿನವನು, "ಯಾರನ್ನ ನೋಡ್ಬೇಕಜ್ಜಿ?" ಅಂದ.

"ನೆಗಡಿ ಮೇಡಂನ."

"ಆ ಹೆಸರಿನೋರು ಯಾರೂ ಇಲ್ವಲ್ಲ."

"ಹೆಸರು ಗೊತ್ತಿದ್ರೆ ಹೆಸರೇ ಹೇಳ್ತಿದ್ದೆ ಕಣಪ್ಪ."

ಒಳಕ್ಕೆ ಬಿಡಲಿಲ್ಲ. ಪುಡಿ ಮಾತ್ರ, ತಲುಪಿಸ್ತೀನಿ ಅಂತ ಇಸ್ಕೊಂಡ. ನನಗೆ ನಮ್ಮ ಯಜಮಾನರ ಟವಲು ನೆನಪಾಯ್ತು. ಛತ್ರೀನ ಮೆಲ್ಲಗೆ ಅವನ ಕುರ್ಚಿ ಹಿಂದೆ ಒರಗಿಸಿ, ಮರೆತೋಳಂಗೆ ಹೊರಟೆ. ಎರಡು ದಿನ ಬಿಟ್ಟು ಕೇಳ್ಕೊಂಡು ಬಂದ್ರಾಯ್ತು ಅಂತ. ಬಸ್ ಸ್ಟಾಪ್ ಮುಟ್ಟಿರಲಿಲ್ಲ, ಆ ಪುಣ್ಯಾತ್ಮ ಏದುಸಿರು ಬಿಡ್ತಾ ಓಡಿ ಬಂದ. "ಅಜ್ಜಿ, ಛತ್ರಿ ಮರ್ತಿದ್ರಿ."

ಬಸ್ಸಲ್ಲಿ, ಆಸ್ಪತ್ರೇಲಿ, ಮದುವೆ ಮನೇಲಿ ನಾನು ಏಳು ಛತ್ರಿ ಕಳ್ಕೊಂಡಿದ್ದೀನಿ, ಒಂದೂ ವಾಪಸ್ ಬಂದಿಲ್ಲ. ಬೇಕು ಅಂತ ಬಿಟ್ಟು ಬಂದದ್ದು ಮಾತ್ರ ಹಿಂದೇನೇ ಓಡಿ ಬಂತು.

ಮೂಗು

ಮನೇಲಿದ್ದದ್ದು ಒಂದೇ ಫೋನು. ಹನ್ನೊಂದನೇ ದಿನ ಮೊಮ್ಮಗಳು ಮಾರ್ಕ್ಸ್ ಕಾರ್ಡ್ ತರಕ್ಕೆ ರಾಮನಗರಕ್ಕೆ ಹೊರಟಳು. "ಬಸ್ಸಿನ ಗಲಾಟೇಲಿ ಕೇಳಿಸಲ್ಲ ಕಣೆ, ನಾನೇ ಇಟ್ಕೊಂಡಿರ್ತೀನಿ" ಅಂತ ಸೊಸೆ ಅದನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಸೊಂಟಕ್ಕೆ ಸಿಗಿಸ್ಕೊಂಡು ಕೂಲಿಗೆ ಹೋದಳು.

ಮಧ್ಯಾಹ್ನ ಅದು ಬಡ್ಕೊಂತು. ಕೈ ಸೆರಗಿಗೆ ಒರೆಸಿ, ಗಾಜಿನ ಮೇಲೆ ಉಜ್ಜಿದಳು. ಹಿಡೀಲಿಲ್ಲ. ಹೆಬ್ಬೆಟ್ಟು, ಕಿರುಬೆರಳು, ಯಾವುದೂ ಹಿಡೀಲಿಲ್ಲ. ನಿಂತೇಹೋಯ್ತು. ಎರಡನೇ ಸಲ ಬಂದಾಗ ಪಕ್ಕದವಳ ಕೈಗೆ ಕೊಟ್ಟಳು. ಅವಳದೂ ಬೆಂದ ಬೆರಳೇ. ಅವಳು ಆಚೆಯವಳಿಗೆ ಕೊಟ್ಟಳು. ಸಾಲಲ್ಲಿ ಆರು ಹೆಂಗಸರು, ಅರವತ್ತು ಬೆರಳು. ಒಂದಕ್ಕೂ ಫೋನು ಒಪ್ಪಲಿಲ್ಲ. ಮತ್ತೆ ನಿಂತಿತು.

"ಮಗಳ ಕೆಲಸ ನನ್ನ ಕೈಯಿಂದ್ಲೇ ಹೋಯ್ತಲ್ಲೇ" ಅಂತ ಸೊಸೆ ಅಳಕ್ಕೆ ಕೂತಳು. ಅಷ್ಟರಲ್ಲಿ ಮೂರನೇ ಸಲ ಬಡ್ಕೊಂತು. ಅಳ್ತಾ ಅಳ್ತಾನೇ ಬಗ್ಗಿ, ಮೂಗಿನ ತುದೀಲಿ ಉಜ್ಜಿದಳು. ಹಿಡೀತು.

"ಸೋಮವಾರ ಕೆಲಸಕ್ಕೆ ಬರ್ತೀರಾ?"

"ಬತ್ತಾಳೆ."

"ಸರ್ಟಿಫಿಕೇಟ್ ತರ್ತೀರಾ?"

"ತತ್ತಾಳೆ."

"ನೀವು ಯಾರು ಮಾತಾಡ್ತಿರೋದು?"

"ಅವಳ ತಾಯಿ ಕಣವ್ವ. ಇನ್ನೊಂದ್ಸಲ ಹೇಳು, ಇವರೆಲ್ಲಾ ಕೇಳಿಸ್ಕೊಳ್ಲಿ."

ಆ ಮೇಡಂ ಇನ್ನೊಂದು ಸಲ ಹೇಳಿದರಂತೆ. ಕೊನೆಗೆ, "ನೆಗಡಿ ವಾಸಿಯಾಯ್ತು ಅಂತ ನಿಮ್ಮ ಹುಡುಗೀಗೆ ಹೇಳಿ. ಇಂಟರ್ವ್ಯೂಗೆ ಬಂದೋರಲ್ಲಿ ಅದನ್ನ ಕೇಳಿದ್ದು ಅವಳೊಬ್ಬಳೇ" ಅಂದರಂತೆ.

ಕೊನೆಗೆ ಯಾರ್ಯಾರು ಏನಾದ್ರು ಅಂತ ಹೇಳ್ಬುಡ್ತೀನಿ, ಆಮೇಲೆ ಏಳಿ. ಗೇಟಿನವನು ಬೇರೆ ಫ್ಯಾಕ್ಟರಿಗೆ ಹೋದ. ಕಷಾಯದ ಪುಡಿ ಅವನೇ ಕುಡಿದನಂತೆ, ಚೆನ್ನಾಗಿತ್ತು ಅಂತ ಮೊಮ್ಮಗಳ ಕೈಲಿ ಹೇಳಿ ಕಳಿಸಿದ್ದ. ಛತ್ರಿ ಮೊನ್ನೆ ಬಸ್ಸಲ್ಲಿ ಹೋಯ್ತು. ಮೊಮ್ಮಗಳು ದಿನಾ ಹಾರೋಹಳ್ಳಿಗೆ ಹೋಗಿ ಬರ್ತಾಳೆ.

ಸೊಸೆ ಬಿಸಿನೀರಿಂದ ಕೈ ತೆಗೆದಳು. ಆರನೇ ತಿಂಗಳಿಗೆ ಬೆರಳ ಮೇಲೆ ಗೆರೆ ಮೂಡಿದವು. "ಅತ್ತೆ, ಮಿಷನ್ನು ನನ್ನ ಗುರ್ತು ಹಿಡೀತು" ಅಂತ ರೇಷನ್ ಅಕ್ಕಿ ಹೊತ್ಕೊಂಡು ಓಡಿ ಬಂದಳು. ಆದರೆ ಎದೆಯೊಳಗಿನ ಹಬೆ ಹೋಗಲಿಲ್ಲ. ಎಂಟು ತಿಂಗಳು ಒಣಗಿದ ಕೈ ಇಟ್ಕೊಂಡು ಬದುಕಿ, ಹೋಗ್ಬುಟ್ಟಳು. ನೆಗಡಿ ಮೇಡಂ ಮಣ್ಣಿಗೆ ಬಂದಿದ್ರು. ಮೂಗು ಒರೆಸ್ಕೊಳ್ತಾನೇ ಇದ್ರು. ಆವತ್ತು ಅದು ನೆಗಡಿ ಆಗಿರಲಿಲ್ಲ.

ಹುಡುಗಿ ಬೇರೆ ಫೋನ್ ತಗೊಂಡಳು. ಆ ಹಳೇದು ಈಗ ನನ್ನ ಹತ್ರ ಐತೆ. ಊಟದ ಹೊತ್ತಿಗೆ ಅದಕ್ಕೆ ಫೋನ್ ಮಾಡ್ತಾಳೆ. ನನ್ನ ಬೆರಳನ್ನ ಅದು ಹಿಡಿಯುತ್ತೆ. ಆದ್ರೂ ನಾನು ಬಗ್ಗಿ ಮೂಗಲ್ಲೇ ಉಜ್ಜೋದು.

"ಮೂಗಾ ಅಜ್ಜಿ?" ಅಂತಾಳೆ.

"ಊಂ ಕಣವ್ವ" ಅಂತೀನಿ. ಆಮೇಲೆ ಊಟ ಆಯ್ತಾ ಅಂತ ಕೇಳ್ತಾಳೆ.