ಸೊಟ್ಟ ಕೋಟೆ ಮತ್ತು ನಿಷ್ಠುರವಾದಿ

ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ದಿನದಿಂದ ನನಗೆ ಬೈಗುಳದ ಕೊರತೆಯಾಗಿಲ್ಲ. ವಾರಕ್ಕೊಂದಾದರೂ ಹುಡುಕಿಕೊಂಡು ಬರುತ್ತದೆ. ನಾನು ಬೈಲಹೊಂಗಲದ ದನದ ದವಾಖಾನೆಯಲ್ಲಿ ಕಂಪೌಂಡರ್. ವಾರವಿಡೀ ಎಮ್ಮೆಗಳಿಗೆ ಸೂಜಿ ಚುಚ್ಚುತ್ತೇನೆ, ರವಿವಾರ ಫೋಟೊ ತೆಗೆಯುತ್ತೇನೆ, ಸಂಜೆ ಅವನ್ನು ನಮ್ಮ ಭಾಗದವರದೇ ಒಂದು ಮೊಬೈಲ್ ಗುಂಪಿಗೆ ಹಾಕುತ್ತೇನೆ. ಆ ಗುಂಪಿನಲ್ಲಿ 'ನಿಷ್ಠುರವಾದಿ' ಅಂತ ಹೆಸರಿಟ್ಟುಕೊಂಡವರೊಬ್ಬರಿದ್ದರು. ಮುಖದ ಜಾಗದಲ್ಲಿ ಒಂದು ದಾಸವಾಳ. ಯಾರು, ಯಾವ ಊರಿನವರು, ಯಾರಿಗೂ ಗೊತ್ತಿರಲಿಲ್ಲ.

ಕೋಟೆ

ನಾನು ಮೊದಲು ಹಾಕಿದ್ದು ಕಿತ್ತೂರು ಕೋಟೆಯ ಗೋಡೆ. ಬೆಳಕಿಗಾಗಿ ಎರಡು ತಾಸು ಮುಳ್ಳುಕಂಟಿಯ ಮಗ್ಗುಲಲ್ಲಿ ಕುಳಿತು ತೆಗೆದದ್ದು. ಹತ್ತೇ ನಿಮಿಷದಲ್ಲಿ ದಾಸವಾಳ ಬರೆಯಿತು: "ಕೋಟಿ ಮೊದಲ ಬಿದ್ದೈತಿ. ನೀವು ಸೊಟ್ಟ ತಗದು ಮತ್ತೊಮ್ಮೆ ಕೆಡವಬ್ಯಾಡ್ರಿ."

ನನಗೆ ಊಟ ಸೇರಲಿಲ್ಲ. ಹಾಳೆ ತೆಗೆದುಕೊಂಡು ಎರಡು ಪುಟ ಉತ್ತರ ಬರೆದೆ. ಕಳಿಸುವ ಮೊದಲು ಹೆಂಡತಿಗೆ ತೋರಿಸಿದೆ. ಅವಳು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ಕೆಂಪು ಪೆನ್ನು ಹಿಡಿದೇ ಓದಿದಳು.

"ನಿಮ್ಮ ಸಿಟ್ಟು ಖರೇ ಐತ್ರಿ," ಅಂದಳು. "ಆದರ 'ಮೂರ್ಖ'ಕ್ಕ ಮಹಾಪ್ರಾಣ ಬೇಕು. 'ಅಧಮ'ಕ್ಕೂ ಬೇಕು. ಹಿಂಗ ಬರದು ಕಳಸಿದರ, ಮೂರ್ಖ ಯಾರಂತ ಅವರ ನಿಮ್ಮನ್ನ ಕೇಳತಾರ."

ತಪ್ಪುಗಳನ್ನೆಲ್ಲ ತಿದ್ದಿ ಬರೆಯುವಷ್ಟರಲ್ಲಿ ಸಿಟ್ಟು ಇಳಿದುಹೋಯಿತು. ಜಗಳ ಯಾಕೆಂದು ಒಂದೇ ಪದದ ಉತ್ತರ ಕಳಿಸಿದೆ. ಒಂದೇ ಪದ ಅಂತ ಅವಳಿಗೆ ತೋರಿಸಲಿಲ್ಲ. "ದನ್ಯವಾದ" ಎಂದು ಬರೆದಿದ್ದೆ.

ದಾಸವಾಳ ಕೂಡಲೇ ಕೇಳಿತು: "ದನದ ದವಾಖಾನಿಯವರೇನ್ರಿ?"

ಎತ್ತು

ಮುಂದೆ ಒಂದು ಸಲ ಉಗರಗೋಳದಲ್ಲಿ ಲಸಿಕೆ ಹಾಕಲು ಹೋದಾಗ ರೈತರೊಬ್ಬರ ಬಿಳಿ ಎತ್ತು ಕಣ್ಣಿಗೆ ಬಿತ್ತು. ಕೋಡಿಗೆ ಬಣ್ಣ, ಕೊರಳಲ್ಲಿ ಗೆಜ್ಜೆ, ಹಿಂದೆ ಯಲ್ಲಮ್ಮನ ಗುಡ್ಡ. ತಿಂಗಳು ಬಿಟ್ಟು ರವಿವಾರ ಮತ್ತೆ ಹೋಗಿ, ಅದರ ಮುಖವೇ ಎದ್ದು ಕಾಣುವಂತೆ ಮನಸ್ಸಿಟ್ಟು ತೆಗೆದೆ. ದಾಸವಾಳ ಬರೆಯಿತು: "ಎತ್ತಿನ ಮಾರಿ ಮ್ಯಾಲ ಜೀವಕಳಿನ ಇಲ್ಲ. ತಗದಾವರ ಮ್ಯಾಲ ಅದಕ್ಕೇನೋ ಸಿಟ್ಟೈತಿ."

ಇದು ಅನ್ಯಾಯ ಅನ್ನಿಸಿತು. ಮುಂದಿನ ಸಲ ಆ ರೈತರಿಗೇ ಫೋಟೊ ತೋರಿಸಿ ಕೇಳಿದೆ, "ನೀವ ಹೇಳ್ರಿ ಯಜಮಾನ್ರ, ನಿಮ್ಮ ಎತ್ತಿಗೆ ನನ್ನ ಮ್ಯಾಲ ಸಿಟ್ಟೈತೇನು?"

ಅವರು ಫೋಟೊ ದೂರ ಹಿಡಿದು ನೋಡಿ ಸಾವಕಾಶ ಹೇಳಿದರು: "ಮೊದಲ ಬಂದಾಗ ಸೂಜಿ ಹಿಡಕೊಂಡು ನಿಂತಿದ್ರಿ. ಆಮ್ಯಾಲ ಬಂದಾಗ ಇದನ್ನ ಹಿಡಕೊಂಡು ನಿಂತ್ರಿ. ಇದನ್ನ ಎಲ್ಲಿ ಚುಚ್ಚತಾರೋ ಅಂತ ಅದು ವಿಚಾರ ಮಾಡಾಕ ಹತ್ತಿತ್ರಿ."

ಬೆಂಬಲ

ನನ್ನ ಮುಖ ಸಣ್ಣದಾದದ್ದನ್ನು ನೋಡಲಾರದೆ ನಮ್ಮ ದವಾಖಾನೆಯ ಡಾಕ್ಟರ್ ಸಾಹೇಬರು ಆ ಗುಂಪು ಸೇರಿದರು. "ನಾ ನೋಡಕೋತೇನಿ, ನೀವು ಸುಮ್ಮನಿರ್ರಿ," ಅಂದರು. ಮರುದಿನ ಎಲ್ಲರೂ ಓದುವಂತೆ ಬರೆದರು: "ನಮ್ಮ ಕಂಪೌಂಡರ್ ಭಾಳ ಒಳ್ಳೆ ಮನುಷ್ಯ. ದಯಮಾಡಿ ಅವರ ಫೋಟೊ ನೋಡಿ ಅವರನ್ನ ಅಳೀಬ್ಯಾಡ್ರಿ."

ನನ್ನ ಯಾವ ಫೋಟೊಗೂ ಬೀಳದಷ್ಟು ಲೈಕು ಆ ಮಾತಿಗೆ ಬಿದ್ದವು. ಮೊದಲನೆಯದು ದಾಸವಾಳದ್ದು.

ರಾಮದುರ್ಗ

ಅಂದೇ ಕ್ಯಾಮೆರಾ ಒರೆಸಿ ಕಪಾಟಿನಲ್ಲಿಟ್ಟೆ. ಇದು ನನಗೆ ಒಗ್ಗುವ ವಿದ್ಯೆಯಲ್ಲ ಎಂದು ಮನಸ್ಸಿಗೆ ಹೇಳಿದೆ. ಆದರೆ ರವಿವಾರ ಬಂತೆಂದರೆ ಕೈಗೆ ಕೆಲಸವಿಲ್ಲದೆ ಅಂಗಳ, ಪಡಸಾಲೆ ಸುತ್ತುತ್ತಿದ್ದೆ.

ನಾಲ್ಕು ವಾರ ಕಳೆದ ಮೇಲೆ ದಾಸವಾಳದಿಂದ ನನಗೊಬ್ಬನಿಗೇ ಒಂದು ಸಂದೇಶ ಬಂತು. "ಫೋಟೊ ಬರವಲ್ವು. ಆರಾಮ ಅದೀರಿಲ್ಲೋ?"

"ಆರಾಮ ಅದೇನ್ರಿ. ನನಗ ಬರಂಗಿಲ್ಲಂತ ಬಿಟ್ಟೇನಿ," ಎಂದು ಬರೆದೆ.

"ಬರಂಗಿಲ್ಲಂತ ನಾ ಎಲ್ಲಿ ಅಂದೇನಿ? ಸೊಟ್ಟ ಅಂದೇನಿ. ಸೊಟ್ಟ ಸರಿ ಮಾಡಾಕ ಬರತೈತಿ. ಕೋಟಿ ಫೋಟೊ ತಗೊಂಡು ಬರ್ರಿ," ಎಂದು ರಾಮದುರ್ಗದ ಒಂದು ಅಂಗಡಿಯ ಗುರುತು ಕೊಟ್ಟರು.

ಫೋಟೊ ಪ್ರಿಂಟ್ ಹಾಕಿಸಿಕೊಂಡು, ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಹೋದೆ. ಅದು ಟೇಲರ್ ಅಂಗಡಿ. ಕೊರಳಲ್ಲಿ ಅಳತೆಪಟ್ಟಿ ಇಳಿಬಿಟ್ಟುಕೊಂಡ ಎಪ್ಪತ್ತರ ಹಿರಿಯರೊಬ್ಬರು "ಕೂಡ್ರಿ" ಅಂದರು. ಕೋಟೆಯ ಫೋಟೊ ಮೇಜಿನ ಮೇಲಿಟ್ಟು, ಸ್ಕೇಲಿಟ್ಟು, ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. "ನೋಡ್ರಿ, ಎಡಕ್ಕ ಎರಡು ಬೆರಳು ಇಳದೈತಿ. ಜೀವಮಾನೆಲ್ಲಾ ಹೊಲಿಗಿ ನೆಟ್ಟಗ ಹಾಕೇನಿ. ಸೊಟ್ಟ ಕಂಡರ ನನಗ ತಡಕೊಳ್ಳಾಕ ಆಗಂಗಿಲ್ರಿ."

ಅವರ ಮಾತು ಖರೇ ಇತ್ತು. ಫೋಟೊ ಸ್ವಲ್ಪ ತಿರುಗಿಸಿದರೆ ಕೋಟೆ ಎದ್ದು ನಿಂತಿತು. ನನ್ನ ಸಿಟ್ಟು ಅಲ್ಲಿಯೇ ಕರಗಿತು.

"ಇಷ್ಟು ತಿಳದಾವ್ರು ಹೆಸರು ಯಾಕ ಹಾಕಂಗಿಲ್ರಿ?" ಎಂದು ಕೇಳಿದೆ.

"ಹೆಸರು ಹಾಕಿದರ ನಾಳೆ ನೀವು ನನ್ನ ಕಡೆ ಪ್ಯಾಂಟು ಹೊಲಿಸಾಕ ಬರತೀರಿ. ಬಂದು ತಪ್ಪು ಹುಡುಕತೀರಿ."

ಚಹಾ ಬಂತು. ಅವರು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೀಸೆ ತೀಡಿಕೊಂಡು ಬಂದು ಮಷಿನ್ನಿನ ಮುಂದೆ ಕುಳಿತರು. "ಬಂದೀರಿ, ನಂದೂ ಒಂದು ತಗೀರಿ." ಕ್ಯಾಮೆರಾ ಮನೆಯ ಕಪಾಟಿನಲ್ಲೇ ಇತ್ತು; ಮೊಬೈಲಿನಲ್ಲೇ ಉಸಿರು ಬಿಗಿಹಿಡಿದು, ಎಲ್ಲ ಗೆರೆ ನೆಟ್ಟಗೆ ನೋಡಿ ತೆಗೆದೆ. ಅವರ ಒಪ್ಪಿಗೆ ಕೇಳಿ ಅಲ್ಲಿಂದಲೇ ಗುಂಪಿಗೆ ಹಾಕಿದೆ.

ಅವರು ಕನ್ನಡಕ ಏರಿಸಿ, ಮೊಬೈಲ್ ತೆಗೆದು, ನನ್ನ ಕಡೆ ಬೆನ್ನು ಮಾಡಿ ಕುಳಿತು ಒಂದೇ ಬೆರಳಿನಿಂದ ಏನೋ ಒತ್ತತೊಡಗಿದರು. ನಾನು ಚಹಾ ಮುಗಿಸುವಷ್ಟರಲ್ಲಿ ನನ್ನ ಮೊಬೈಲ್ ಸದ್ದು ಮಾಡಿತು. ದಾಸವಾಳ ಬರೆದಿತ್ತು:

"ಇಷ್ಟ ದಿನಕ್ಕ ಒಂದು ಛಲೋ ಮಾರಿ ಸಿಕ್ಕೈತಿ. ಫೋಟೊ ಸುಮಾರ ಐತಿ."