ನಲವತ್ತೇಳನೆಯವಳ ಮನೆ

ಎಲ್ಲಕ್ಕೂ ಕಾರಣ ಮುರಿದ ಕುರ್ಚಿಗಳು. ವಿಶ್ವವಿದ್ಯಾಲಯದಲ್ಲಿ ಅವು ಎಷ್ಟು ಹೆಚ್ಚಿದ್ದವೆಂದರೆ, ಇಡಲು ಜಾಗ ಸಾಲದೆ ಡೀನ್ ಸಾಹೇಬರು ಮೆಟ್ಟಿಲ ಕೆಳಗಿನ ಪುಟ್ಟ ಕೊಠಡಿಯ ಮೇಲೆ ಕಣ್ಣು ಹಾಕಿದ್ದರು. ಆ ಕೊಠಡಿಯಲ್ಲಿ ಆರು ವರ್ಷದಿಂದ ಒಬ್ಬ ಸಂಶೋಧಕರು ಮುನ್ನೂರು ಇರುವೆಗಳೊಡನೆ ಬಿಡಾರ ಹೂಡಿದ್ದರು. ಪಾಠ ಮಾಡುವ ಕೆಲಸ ಅವರಿಗೆ ಇನ್ನೂ ಸಿಕ್ಕಿರಲಿಲ್ಲ. ಆದರೂ ಎಲ್ಲರೂ ಅವರನ್ನು ಇರುವೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಶನಿವಾರ ಬೆಳಿಗ್ಗೆ ಸುತ್ತೋಲೆ ಬಂತು. ಸಂಶೋಧನೆ ಜನರ ಬಳಿ ಹೋಗಬೇಕಂತೆ. ಅದೇ ಸಂಜೆ ಐದಕ್ಕೆ ಸಾರ್ವಜನಿಕ ಗ್ರಂಥಾಲಯದಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಹತ್ತು ನಿಮಿಷದಲ್ಲಿ ಕತೆಯಾಗಿ ಹೇಳತಕ್ಕದ್ದು. ಕೇಳಿದವರಿಂದ ಹೆಚ್ಚು ಚೀಟಿ ಪಡೆದವರ ಸಂಶೋಧನೆಗೆ ಮೆಟ್ಟಿಲ ಕೆಳಗಿನ ಕೊಠಡಿ.

ಮೇಷ್ಟ್ರು ಬೆರಳು ಮಡಚಿ ದಿನ ಎಣಿಸಿದರು. ಇನ್ನು ಇಪ್ಪತ್ತೇ ದಿನ ಅಳತೆ ಬರೆದುಕೊಂಡರೆ ಪ್ರಬಂಧ ಮುಗಿಯುತ್ತಿತ್ತು. ಕೊಠಡಿ ಹೋದರೆ ಆರು ವರ್ಷವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅವರು ಊಟದ ಮೇಜಿನ ಮುಂದೆ ನಿಂತು ಹೆಂಡತಿಗೂ ಅತ್ತೆಗೂ ಓದಿ ತೋರಿಸತೊಡಗಿದರು.

"ಪ್ರಸ್ತುತ ಅಧ್ಯಯನದ ಮುಖ್ಯ ಉದ್ದೇಶವೇನೆಂದರೆ..."

ಎರಡನೆಯ ವಾಕ್ಯಕ್ಕೆ ಅತ್ತೆಯ ತಲೆ ಎದೆಯ ಮೇಲೆ ವಾಲಿತು.

"ರೀ, ಡಾಕ್ಟ್ರು ಕೊಟ್ಟ ನಿದ್ದೆ ಮಾತ್ರೇನೂ ಅಮ್ಮಂಗೆ ಇಷ್ಟು ಬೇಗ ಕೆಲಸ ಮಾಡಲ್ಲ," ಎಂದಳು ಹೆಂಡತಿ. "ಆ ಕಾಗದ ಕೆಳಗಿಡಿ. ನಂಗೆ ಹೇಳೋ ಹಾಗೆ ಹೇಳಿ."

ಮೇಷ್ಟ್ರು ಕಾಗದ ಮಡಚಿದರು. "ಏನಿಲ್ಲ ಕಣೇ. ಇರುವೆ ತಿಂಡಿ ಹುಡುಕ್ಕೊಂಡು ಹೊರಗೆ ಹೋಗುತ್ತೆ. ಅಷ್ಟರಲ್ಲಿ ಅದರ ಗೂಡನ್ನ ಎರಡು ಗೇಣು ಪಕ್ಕಕ್ಕೆ ಸರಿಸೋದು. ವಾಪಸ್ ಬಂದ ಇರುವೆ ಪಕ್ಕದಲ್ಲೇ ಇರೋ ಗೂಡಿಗೆ ಹೋಗಲ್ಲ. ಹಳೇ ಜಾಗಕ್ಕೇ ಬಂದು ಸುತ್ತುತ್ತೆ. ಎಲ್ಲಕ್ಕೂ ಚುಕ್ಕೆ ಇಟ್ಟು ನಂಬರ್ ಕೊಟ್ಟಿದೀನಲ್ಲ, ಅದರಲ್ಲಿ ನಲವತ್ತೇಳನೇದಂತೂ ದಿನಾ ಮೂರು ಸುತ್ತು."

ಅತ್ತೆಗೆ ಎಚ್ಚರವಾಯಿತು. "ಅದು ಗಂಡೋ ಹೆಣ್ಣೋ?"

"ಹೆಣ್ಣು, ಅತ್ತೆ."

"ಹೆಣ್ಣುಮಗು ಹೊಟ್ಟೆಪಾಡಿಗೆ ಹೋಗಿ ಬಂದು ನೋಡಿದ್ರೆ ಮನೇನೇ ಇಲ್ಲ ಅಂತ ಮೊದ್ಲೇ ಹೇಳ್ಬಾರ್ದಾ ಅಳಿಯಂದ್ರೇ? ಸುಮ್ನೆ ಉದ್ದೇಶ ಗಿದ್ದೇಶ ಅಂತ." ಅವರು ಕನ್ನಡಕ ಒರೆಸಿಕೊಂಡರು. "ಸಂಜೆ ನಾನೂ ಬರ್ತೀನಿ."

ಮೇಷ್ಟ್ರಿಗೆ ಇದ್ದದ್ದು ಒಂದೇ ಒಳ್ಳೆಯ ಪ್ಯಾಂಟು. ಅದರ ಕೊಕ್ಕೆ ಕಿತ್ತಿತ್ತು. ಕೆಳಮನೆಯ ಟೈಲರ್ ಕೊಕ್ಕೆ ಹಚ್ಚುತ್ತಾ ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡ.

"ಸರ್, ಹೊಲಿಗೆ ಚೆನ್ನಾಗಿದೆ ಅಂತ ಬಾಯಲ್ಲಿ ಹೇಳಿದ್ರೆ ಗಿರಾಕಿ ನಂಬಲ್ಲ. ಅಂಗಿ ಕೈಗೆ ಕೊಡ್ಬೇಕು. ಆ ಹುಡುಗೀನ ಜೊತೇಲೇ ಕರ್ಕೊಂಡ್ಹೋಗಿ."

"ಅವಳೊಬ್ಬಳನ್ನೇ ತೆಗೆಯೋಕಾಗಲ್ಲ ಮಾರಾಯಾ. ಗಾಜಿನ ಪೆಟ್ಟಿಗೇನೇ ಹೊರಬೇಕು."

"ಹೊರಿ. ಮನೆ ಮಂದಿಯೆಲ್ಲಾ ಬಂದ್ರೆ ಇನ್ನೂ ಒಳ್ಳೇದೇ."

ಮಾತು ಹಿತವಾಗಿ ಕಂಡಿತು. ನಾಲ್ಕು ಗಂಟೆಗೆ ಮೇಷ್ಟ್ರು ವಿಶ್ವವಿದ್ಯಾಲಯಕ್ಕೆ ಹೋಗಿ, ಮುನ್ನೂರು ಇರುವೆಗಳ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ತಿರುವಿನಲ್ಲಿ ಬಸ್ಸು ಕುಲುಕಿ ಮುಚ್ಚಳ ಒಂದಿಷ್ಟು ಜರುಗಿತು. ಕೂಡಲೇ ಸರಿಮಾಡಿದರೂ ಮೂರು ಇರುವೆಗಳು ಅಷ್ಟರೊಳಗೆ ತೋಳಿನಿಂದ ಅಂಗಿಯೊಳಗೆ ನುಗ್ಗಿದ್ದವು. ಹೊಡೆಯುವಂತಿಲ್ಲ, ಕೆರೆಯುವಂತಿಲ್ಲ. ಪ್ರತಿಯೊಂದರ ಬೆನ್ನ ಮೇಲೂ ಅವರೇ ಭೂತಗನ್ನಡಿ ಹಿಡಿದು ಇಟ್ಟ ಬಣ್ಣದ ಚುಕ್ಕೆಯಿತ್ತು. ತನ್ನ ಅಂಕಿಅಂಶವನ್ನು ತಾನೇ ಹೊಸಕಿ ಹಾಕುವ ಸಂಶೋಧಕ ಎಲ್ಲಾದರೂ ಉಂಟೇ?

ಗ್ರಂಥಾಲಯದ ಸಭಾಂಗಣ ತುಂಬಿತ್ತು. ಮೊದಲು ಮಾತಾಡಿದವರು ಸಿಮೆಂಟಿನ ಬಿರುಕಿನ ಬಗ್ಗೆ ಹೇಳಿದರು. ಜನ ಆಕಳಿಸಿದರು. ಆಮೇಲೆ ಮೇಷ್ಟ್ರ ಸರದಿ.

"ನಲವತ್ತೇಳನೆಯವಳು ಅಂತ ಒಬ್ಬಳು ಹುಡುಗಿ," ಎಂದು ಶುರುಮಾಡಿದರು. "ಬೆನ್ನ ಮೇಲೆ ನೀಲಿ ಚುಕ್ಕೆ. ಮನೇಲಿ ಮುನ್ನೂರು ಜನ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದಳು..."

ಅಷ್ಟರಲ್ಲಿ ಒಂದು ಇರುವೆ ಬೆನ್ನನ್ನೂ ಇನ್ನೊಂದು ಕಂಕುಳನ್ನೂ ಕಚ್ಚಿತು. ಮೇಷ್ಟ್ರು ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಬಗ್ಗಿದರು, ಗಿರ್ರನೆ ಸುತ್ತಿದರು. ಮನೆ ಹುಡುಕುವ ಇರುವೆಯನ್ನು ಹೀಗೆ ಮೈದುಂಬಿ ಅಭಿನಯಿಸಿದವರನ್ನು ಆ ಜನ ನೋಡಿರಲಿಲ್ಲ. ಹೊರಲಾರದ ಕಾಳು ಹೊತ್ತು ಬಂದವಳು ಖಾಲಿ ಜಾಗದ ಮುಂದೆ ನಿಂತಳು ಎಂದಾಗ ಮೇಷ್ಟ್ರ ಕಣ್ಣಲ್ಲಿ ನೀರಿತ್ತು. ಮೂರನೆಯದು ಕಚ್ಚಿದ್ದು ಸೂಕ್ಷ್ಮ ಜಾಗದಲ್ಲಿ. ಸಭೆಯೂ ಕಣ್ಣೊರೆಸಿಕೊಂಡಿತು.

ಮುಂದಿನ ಸಾಲಿನಿಂದ ಅತ್ತೆ ಎದ್ದು ನಿಂತರು.

"ಅವಳ ಮನೆ ಏನಾಯ್ತು ಅಳಿಯಂದ್ರೇ?"

"ಗೂಡನ್ನು ಸರಿಸಲಾಯಿತು," ಎಂದರು ಮೇಷ್ಟ್ರು, ಪ್ರಬಂಧದ ಅಭ್ಯಾಸದಲ್ಲಿ.

"ಸರಿಸಿದ್ದು ಯಾರು?"

ಮೇಷ್ಟ್ರಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ.

"ನಾನೇ."

"ಒಂದು ಸಲಾನಾ?"

"ಆರು ವರ್ಷದಿಂದ."

ಅತ್ತೆ ಮಗಳ ಕಡೆ ತಿರುಗಿದರು. "ಎಂಥವರಿಗೆ ಕೊಟ್ಟೆವಮ್ಮಾ ನಿನ್ನ."

ಚೀಟಿ ಎಣಿಸಿದಾಗ ಇರುವೆ ಕತೆಗೆ ನೂರಾ ಎಂಬತ್ತು, ಸಿಮೆಂಟಿಗೆ ಎರಡು. ಆದರೆ ಮೇಷ್ಟ್ರ ಚೀಟಿಗಳ ಹಿಂದೆ ಹೆಚ್ಚಿನವರು ಒಂದು ಸಾಲು ಬರೆದಿದ್ದರು: ಅವಳನ್ನು ಬಿಟ್ಟುಬಿಡಿ. ಡೀನ್ ಸಾಹೇಬರು ಗಾಳಿ ಬಂದತ್ತ ತೂರಿಕೊಳ್ಳುವುದರಲ್ಲಿ ಪಳಗಿದವರು. ಜನರ ಆಶಯವೇ ವಿಶ್ವವಿದ್ಯಾಲಯದ ಆಶಯ ಎಂದು ಅಲ್ಲೇ ಘೋಷಿಸಿದರು. ಗ್ರಂಥಾಲಯದ ಹಿಂದಿನ ತೋಟದಲ್ಲಿ, ಚಪ್ಪಾಳೆಯ ನಡುವೆ, ಅತ್ತೆಯೇ ಮುಚ್ಚಳ ತೆಗೆದರು.

"ಹೋಗಮ್ಮ, ಹುಷಾರು," ಎಂದರು. ಆರು ವರ್ಷದ ಸಂಶೋಧನೆ ಸಾಲುಗಟ್ಟಿ ಹೂವಿನ ಪಾತಿಯೊಳಗೆ ಹೋಯಿತು.

ಮೇಷ್ಟ್ರಿಗೆ ಅಳು ಬಂತು. ಈ ಸಲ ನಿಜವಾದ ಅಳು. ಆದರೂ ಮನಸ್ಸನ್ನು ಗಟ್ಟಿಮಾಡಿಕೊಂಡರು. ಕೊಠಡಿಯಂತೂ ಉಳಿಯಿತಲ್ಲ. ಹೊಸ ಗೂಡು ಹುಡುಕಿ ತಂದು, ಮತ್ತೆ ಒಂದನೆಯ ಇರುವೆಯಿಂದ ಚುಕ್ಕೆ ಇಟ್ಟರಾಯಿತು. ಖಾಲಿ ಪೆಟ್ಟಿಗೆ ಕಂಕುಳಲ್ಲಿ ಹಿಡಿದು ನೇರ ವಿಶ್ವವಿದ್ಯಾಲಯಕ್ಕೆ ಬಂದು ಕೊಠಡಿಯ ಬಾಗಿಲು ತೆಗೆದರು.

ಒಳಗೆ ನೆಲದಿಂದ ಸೂರಿನವರೆಗೆ ಮುರಿದ ಕುರ್ಚಿಗಳು.

ತಪ್ಪು ಬಾಗಿಲಿರಬೇಕು ಎಂದುಕೊಂಡು ಮೇಷ್ಟ್ರು ಓಣಿಯ ತುದಿಗೆ ಹೋದರು. ಲೆಕ್ಕ ಹಾಕಿಕೊಂಡು ಬಂದರು. ಅದೇ ಬಾಗಿಲು. ಮತ್ತೆ ಹೋದರು, ಮತ್ತೆ ಬಂದರು.

ಕೊನೆಯ ಕುರ್ಚಿ ಹೊತ್ತು ನಿಂತಿದ್ದ ಜವಾನ ಕನಿಕರದಿಂದ ಹೇಳಿದ: "ಡೀನ್ ಸಾಹೇಬ್ರು ಫೋನ್ ಮಾಡಿದ್ರು ಸರ್. ಕೊಠಡಿ ಸಂಶೋಧನೆಗೆ ಕೊಟ್ಟಿದ್ದು, ಸಂಶೋಧನೆ ಈಗ ತೋಟದಲ್ಲಿದೆ, ಕುರ್ಚಿ ಒಳಗೆ ಹಾಕು ಅಂದ್ರು. ನಿಮ್ಮ ಮೇಜನ್ನ ಪಕ್ಕದ ಗೋಡೆ ಹತ್ರ ಸರಿಸಿದೀನಿ, ಎರಡೇ ಹೆಜ್ಜೆ."

ಮೇಷ್ಟ್ರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವರು ಪೆಟ್ಟಿಗೆ ಹೊತ್ತು ಮತ್ತೆ ಓಣಿಯ ತುದಿಯತ್ತ ಹೊರಟಿದ್ದರು.

ಜವಾನ ಕುರ್ಚಿ ಕೆಳಗಿಟ್ಟು ಬೆರಳು ಮಡಚಿದ. "ಇದು ಮೂರನೇ ಸುತ್ತು ಸರ್."