ಓಣಿಯ ಕರೆಂಟಿಗೆ ನನ್ನ ಕಾವಲು

ಸಂಶಯ ನನ್ನ ಹುಟ್ಟುಗುಣ. ಹಾಲಿನವನು ನೊರೆ ಎಬ್ಬಿಸಿ ಸುರಿದರೆ ಅಳತೆಯ ಮೇಲೆ ಸಂಶಯ, ನೊರೆ ಇಲ್ಲದಿದ್ದರೆ ಹಾಲಿನ ಮೇಲೆಯೇ ಸಂಶಯ. ಮಹಾಲಿಂಗಪುರದ ಬಸ್ಸಿನಲ್ಲಿ ಪಕ್ಕದವರು ನಕ್ಕು ಮಾತಾಡಿಸಿದರೆ ನನ್ನ ಕೈ ತಾನಾಗಿ ಕಿಸೆಗೆ ಹೋಗುತ್ತದೆ. "ಇವರನ್ನ ಕಟಗೊಂಡಾಗಿಂದ ಬೆಲ್ಲದ ಡಬ್ಬಿ ತಗದರೂ ಹೇಳೇ ತಗೀಬೇಕಾಗೇತ್ರಿ" ಎಂದು ನನ್ನ ಹೆಂಡತಿ ಗಿರಿಜಾ ಬಂದವರ ಮುಂದೆಲ್ಲ ಹೇಳುತ್ತಾಳೆ. ಇಂಥವನ ಮನೆಯ ಕರೆಂಟನ್ನು ನೆರೆಹೊರೆಯ ಕರೆಂಟಿನ ಜೊತೆ ಗಂಟು ಹಾಕಿದ್ದು ಯಾರ ತಪ್ಪು, ನೀವೇ ಹೇಳಿ.

ಬನಹಟ್ಟಿಯ ನಮ್ಮ ಓಣಿಯ ನಾಲ್ಕು ಮನೆಗಳಲ್ಲಿ ಮಗ್ಗಗಳಿವೆ, ಎಲ್ಲವೂ ಕರೆಂಟಿನವು. ಈಗ ನಾಲ್ಕೂ ಮಾಳಿಗೆಗಳ ಮೇಲೆ ಸೋಲಾರ್ ಹಲಗೆಗಳು, ಕೆಳಗೆ ಬ್ಯಾಟರಿಗಳು ಬಂದಿವೆ. ಜಮಖಂಡಿಯಿಂದ ಬಂದ ಎಂಜಿನಿಯರ್ ಹುಡುಗಿ ನಾಲ್ಕನ್ನೂ ಒಂದಕ್ಕೊಂದು ಜೋಡಿಸಿ, ಊರ ಲೈನಿಗೂ ಸೇರಿಸಿ, ಮನೆಗೊಂದು ಪೆಟ್ಟಿಗೆ ಕೂರಿಸಿದಳು. "ಕಾಕಾರ, ಯಾರ ಮನ್ಯಾಗ ಹೆಚ್ಚೈತಿ, ಅಲ್ಲಿಂದ ಕಡಿಮಿ ಇದ್ದಲ್ಲಿಗೆ ತಾನ ಹೋಗತೈತ್ರಿ. ಊರ ಲೈನ್ ಹೋದರೂ ನಾಲ್ಕೂ ಮನಿ ಕೂಡಿ ಮಗ್ಗ ನಡಸ್ತಾವು" ಅಂದಳು. ಉಳಿದ ಮೂವರು ಸಂತೋಷದಿಂದ ತಲೆಯಾಡಿಸಿದರು. ನನ್ನ ಕಿವಿಗೆ ಬಿದ್ದದ್ದು 'ತಾನ ಹೋಗತೈತಿ' ಎಂಬುದೊಂದೇ.

ಪೆಟ್ಟಿಗೆಯ ಮೇಲೆ ಐದು ಹಸಿರು ದೀಪಗಳಿವೆ, ನಮ್ಮ ಬ್ಯಾಟರಿಯಲ್ಲಿ ಎಷ್ಟಿದೆ ಎಂದು ತೋರಿಸಲು. ಮೊದಲ ವಾರದಲ್ಲೇ ಒಂದು ಸಂಗತಿ ಗಮನಿಸಿದೆ. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಐದನೆಯ ದೀಪ ಕಣ್ಣು ಮಿಟುಕಿಸುತ್ತದೆ, ಆಗಷ್ಟೇ ಹಾಕಿದ ನನ್ನ ಮಗ್ಗದ ಸದ್ದು ಒಂದು ಕ್ಷಣ ತಗ್ಗುತ್ತದೆ. ಅದೇ ಹೊತ್ತಿಗೆ ಪಕ್ಕದ ಮನೆಯ ರುದ್ರಪ್ಪನ ಮಗ್ಗಗಳು ಖಟಖಟ ಶುರುವಾಗುತ್ತವೆ. ಕಳ್ಳ ಸಿಕ್ಕಿದ ಎಂದುಕೊಂಡೆ. ಸಂಕಟವೆಂದರೆ ರುದ್ರಪ್ಪನ ಮಗಳ ಮದುವೆಯ ಸೀರೆ ನನ್ನ ಮಗ್ಗದ ಮೇಲೇ ಇತ್ತು. ಅವರು ಬಯಸಿದ ದಡಿ, ಅಂದರೆ ಸೀರೆಯ ಅಂಚು, ತೆಗೆಯುವ ಮಗ್ಗ ಓಣಿಯಲ್ಲಿ ನನ್ನದೊಂದೇ. ನಡುವೆ ಮಗ್ಗ ನಿಂತರೆ ಬಟ್ಟೆಯಲ್ಲಿ ಅಡ್ಡ ಗೆರೆ ಬೀಳುತ್ತದೆ. ಮಗಳ ಸೀರೆ ಕೆಟ್ಟರೂ ಸರಿ, ನೆರೆಯವನ ಕರೆಂಟು ಬೇಕು ಎನ್ನುವ ತಂದೆಯೂ ಇರುತ್ತಾನೆಯೇ ಎಂದು ಸಿಟ್ಟು ಬಂತು.

ಸಾಕ್ಷಿ ಬೇಕಲ್ಲ. ದಿನವೂ ಹತ್ತಕ್ಕೆ ಮಾಳಿಗೆ ಹತ್ತಿ, ರುದ್ರಪ್ಪನ ಅಂಗಳದಲ್ಲಿರುವ ಬ್ಯಾಟರಿ ಕೋಣೆಯ ಮೇಲೆ ಕಣ್ಣಿಡಲು ಶುರು ಮಾಡಿದೆ. ಕಾಣಬಾರದೆಂದು ಬಣ್ಣ ಹಾಕಿದ ನೂಲಿನ ಲಡಿಗಳನ್ನು ಬಿದಿರಿನ ಮೇಲೆ ಸಾಲಾಗಿ ಇಳಿಬಿಟ್ಟು ಅದರ ಹಿಂದೆ ನಿಂತೆ. ನಮ್ಮೂರಲ್ಲಿ ಮಾಳಿಗೆಯ ಮೇಲೆ ನೂಲು ಒಣಗುವುದನ್ನು ಯಾರೂ ಏಕೆಂದು ಕೇಳುವುದಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಅಷ್ಟೇ ಅಲ್ಲ, ನನ್ನ ಸಂಶಯ ನಿಜವೂ ಆಯಿತು. ಕಾವಲು ಶುರುವಾದ ದಿನದಿಂದ ಮಧ್ಯಾಹ್ನದ ಹೊತ್ತಿಗೆ ಐದು ದೀಪಗಳಲ್ಲಿ ಎರಡೇ ಉಳಿಯತೊಡಗಿದವು. ನಾನು ಕಾದಷ್ಟೂ ಕಳವು ಹೆಚ್ಚಿತು.

"ರುದ್ರಪ್ಪಣ್ಣಾರಿಗೆ ಬಾಯಿಬಿಟ್ಟು ಕೇಳಬಾರದೇನ್ರಿ" ಅಂದಳು ಗಿರಿಜಾ. ಕೇಳಿದರೆ ಎಚ್ಚರಾಗುತ್ತಾನೆ ಎಂದೆ. ಎಂಟನೆಯ ದಿನ ಎಂಜಿನಿಯರ್ ಹುಡುಗಿಗೆ ಫೋನು ಮಾಡಿ, ನನ್ನ ಮನೆಯ ಕೊಂಡಿ ಕಡಿದುಬಿಡು ಎಂದೆ. ಅವಳು ಬಂದಾಗ ರುದ್ರಪ್ಪನೂ ಹಿಂದೆಯೇ ಬಂದ. ಒಬ್ಬರು ಹೊರಬಿದ್ದರೆ ಊರ ಲೈನ್ ಹೋದಾಗ ಉಳಿದ ಮೂರು ಮನೆ ಮಗ್ಗಗಳ ಭಾರ ತಡೆಯಲಾರವು ಎಂಬುದು ಅವನಿಗೂ ಗೊತ್ತಿತ್ತು.

ಹುಡುಗಿ ಮೊಬೈಲಿನಲ್ಲಿ ನಾಲ್ಕೂ ಮನೆಗಳ ಕರೆಂಟಿನ ಲೆಕ್ಕ ನೋಡಿದಳು, ಮಾಳಿಗೆ ಹತ್ತಿದಳು, ಇಳಿದು ಬಂದಳು. "ಕಾಕಾರ, ನಿಮ್ಮ ಕರೆಂಟ್ ಯಾರೂ ತಗೊಂಡಿಲ್ರಿ. ನೀವ ಎಂಟು ದಿನದಿಂದ ಮೂರೂ ಮನಿದು ತಗೊಳ್ಳಾಕತ್ತೀರಿ. ನೂಲಿನ ನೆರಳು ಪೂರಾ ನಿಮ್ಮ ಹಲಗಿ ಮ್ಯಾಲ ಬಿದ್ದೈತಿ." ಮೊದಲ ವಾರದ ದೀಪದ ಮಿಟುಕಿಗೂ ಅವಳ ಬಳಿ ಉತ್ತರವಿತ್ತು: "ಹತ್ತಕ್ಕ ಚಾ ಕುಡದು ನಾಲ್ಕೂ ಮನ್ಯಾಗ ಒಮ್ಮೆಲೇ ಮಗ್ಗ ಹಾಕ್ತೀರಿ. ಒಂದ ಆದಮ್ಯಾಲ ಒಂದ ಹಾಕ್ರಿ, ಆತು."

ನಾನು ನೆಲ ನೋಡುತ್ತ, "ನಿಮಗ ಗೊತ್ತಿರಲಿಲ್ಲೇನು ರುದ್ರಪ್ಪಣ್ಣಾ" ಎಂದೆ.

"ಗೊತ್ತಿತ್ರಿ. ನನ್ನ ಮೊಬೈಲದಾಗ ದಿನಾ ಕಾಣತಿತ್ತು" ಅಂದ ರುದ್ರಪ್ಪ. "ಮಗಳ ಸೀರಿ ನಡದೈತಿ, ನಿಮ್ಮ ಮಗ್ಗ ನಿಲ್ಲಬಾರದು ಅಂತ ನನ್ನ ಎರಡು ಮಗ್ಗ ಬಂದ್ ಇಟ್ನಿ. ನೂಲ ತಗೀರಿ ಅನ್ನಾಕ ಬಂದಿದ್ನಿ ಖರೆ. ಆದರ ಲಡಿ ಕೆಳಗ ನಿಮ್ಮ ಕಾಲು ಕಾಣತಿದ್ದುವು. ಅಲ್ಲಿ ಯಾಕ ನಿಂತೀರಿ ಅಂತ ಕೇಳಿದರ ನಿಮಗ ನಾಚಿಕಿ ಆಗತೈತಿ ಅಂತ ಸುಮ್ಮನ ಹೊಳ್ಳಿ ಹೋದ್ನಿ."

ಗಿರಿಜಾ ಚಹಾ ಮಾಡುವ ನೆಪದಲ್ಲಿ ಒಳಗೆ ಹೋದಳು. ಅವಳು ನಗುವುದು ಹೊರಗೆ ಕೇಳಿಸುತ್ತಿತ್ತು. ನನಗೆ ಮಾತ್ರ ನಿಜವಾಗಿಯೂ ಕಣ್ಣು ತುಂಬಿ ಬಂತು.

ಸೀರೆ ಒಂದೂ ಗೆರೆಯಿಲ್ಲದೆ ಮುಗಿಯಿತು. ಕೊಂಡಿ ಹಾಗೇ ಉಳಿಯಿತು. ನೂಲು ಈಗ ಹಿತ್ತಲಲ್ಲಿ ಒಣಗುತ್ತದೆ, ಹತ್ತಕ್ಕೆ ನನ್ನ ಮಗ್ಗ ಎಲ್ಲರಿಗಿಂತ ಕೊನೆಗೆ ಶುರುವಾಗುತ್ತದೆ. ರುದ್ರಪ್ಪನ ಮೇಲೆ ಈಗ ಯಾವ ಸಂಶಯವೂ ಇಲ್ಲ. ಉಳಿದ ಎರಡು ಮನೆಯವರು ಮಾತ್ರ ನಾನು ಎದುರಾದಾಗಲೆಲ್ಲ ಮೊದಲು ನನ್ನ ಕಾಲು ನೋಡಿ ಆಮೇಲೆ ಮುಖ ನೋಡುತ್ತಾರೆ. ಅವರಿಗೆ ಹೇಳಿದವರು ಯಾರು? ಗಿರಿಜಾಳ ಮೇಲೆ ಒಂದು ಕಣ್ಣಿಟ್ಟಿದ್ದೇನೆ.